ಬೆಂಕಿಗೆ ಜಗ್ಗದ ಪೆಟ್ಟಿಗೆ

ಚಾಮರಾಜಪೇಟೆಯ ಆ ಹಳೆಯ ಮನೆಯಲ್ಲಿ ಯಾರಿಗೆ ಯಾವ ಕಾಗದ ಬೇಕಾದರೂ ರಂಜಿನಿಯನ್ನೇ ಕೇಳಬೇಕಿತ್ತು. ತಾತ ಕೊಂಡ ಮನೆಯ ಕ್ರಯಪತ್ರ, ಜೊತೆಯಲ್ಲೇ ಇದ್ದ ತಮ್ಮ ಶ್ರೀಹರಿಯ ಪಾಸ್‌ಪೋರ್ಟು, ಮಲ್ಲೇಶ್ವರದಲ್ಲಿ ಬೇರೆ ಮನೆ ಮಾಡಿಕೊಂಡಿದ್ದ ಅಣ್ಣ ಮಧುಸೂದನನ ಅಂಕಪಟ್ಟಿಗಳು, ಹೋದವರ ಮರಣಪತ್ರ, ಇರುವವರ ಜಾತಕ, ಎಲ್ಲವೂ ಅವಳ ಮಂಚದಡಿಯ ಟ್ರಂಕಿನಲ್ಲಿದ್ದವು. ಒಬ್ಬೊಬ್ಬರಿಗೂ ಒಂದೊಂದು ಚೀಲ, ಅಮ್ಮನ ಹಳೆಯ ಸೀರೆ ಕತ್ತರಿಸಿ ಹೊಲಿದದ್ದು. ಹುಳ ಬೀಳದಿರಲೆಂದು ಚೀಲದೊಳಗೆ ಒಣಗಿದ ಬೇವಿನೆಲೆ. ಯುಗಾದಿ ಕಳೆದ ಮೇಲಿನ ಮೊದಲ ಭಾನುವಾರ ಅಕ್ಕಪಕ್ಕದವರು ಮಹಡಿಯ ಮೇಲೆ ಹಪ್ಪಳ ಸಂಡಿಗೆ ಹರವಿದರೆ ಇವಳು ಕಾಗದ ಹರವುತ್ತಿದ್ದಳು, ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಒಂದೊಂದು ಕಲ್ಲಿಟ್ಟು. "ರಂಜಿನಮ್ಮೋರೇ, ನಿಮ್ಮ ಹಪ್ಪಳ ಒಣಗ್ತಾ?" ಎಂದು ಎದುರುಮನೆಯವರು ಕೂಗಿ ಕೇಳುವುದು ವರ್ಷಕ್ಕೊಮ್ಮೆ ತಪ್ಪದ ತಮಾಷೆ.

ಇದು ಅಮ್ಮ ಕೊನೆಗಾಲದಲ್ಲಿ ಸೊಂಟದಿಂದ ಕೀಲಿ ಬಿಚ್ಚಿ ಕೊಟ್ಟುಹೋದ ಅಧಿಕಾರ. ಸರ್ಕಾರಿ ಕಚೇರಿಯ ರೆಕಾರ್ಡ್ ರೂಮಿನಲ್ಲಿ ದುಡಿದು ನಿವೃತ್ತಳಾದವಳಿಗೆ ಅದೇನೂ ಹೊರೆಯೆನಿಸಿರಲಿಲ್ಲ. ಮದುವೆ ಅವಳಿಗೆ ಕೂಡಿಬರಲಿಲ್ಲ. ಕೂಡಿಬರಲಿ ಎಂದು ಓಡಾಡುವವರೂ ಒಂದು ವಯಸ್ಸಿನ ಮೇಲೆ ಉಳಿಯಲಿಲ್ಲ. ಮನೆಗೆ ಯಾವ ಬಣ್ಣ ಹೊಡೆಸಬೇಕು, ಶ್ರಾದ್ಧಕ್ಕೆ ಯಾರನ್ನು ಕರೆಯಬೇಕು ಎಂಬುದನ್ನೆಲ್ಲ ಅಣ್ಣ ತಮ್ಮಂದಿರು ಮಾತಾಡಿಕೊಂಡು ಆಮೇಲೆ ಇವಳಿಗೆ ತಿಳಿಸುತ್ತಿದ್ದರು. ಕಾಗದ ಬೇಕೆಂದಾಗ ಮಾತ್ರ ಅವಳ ಕೋಣೆಯ ಬಾಗಿಲಲ್ಲಿ ನಿಂತು ಕೇಳಬೇಕಿತ್ತು. ಅವಳ ಮರ್ಯಾದೆಯೆಲ್ಲ ಆ ಕೇಳುವುದರಲ್ಲೇ ಇತ್ತು. ಅದೊಂದು ಹೋದರೆ ತಾನು ತಮ್ಮನ ಮನೆಯಲ್ಲಿ ಬಿದ್ದಿರುವ ಹೆಂಗಸು, ಅಷ್ಟೇ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನೊಂದು ಆಸ್ತಿಯಿತ್ತು ಅವಳಿಗೆ, ಅದು ಆರಾಧನಾ. ಶ್ರೀಹರಿಯ ಒಬ್ಬಳೇ ಮಗಳು. ಎರಡನೇ ತರಗತಿಯಲ್ಲಿದ್ದಾಗ ತಾಯಿ ತೀರಿಕೊಂಡಳು. ಅಂದಿನಿಂದ ಜಡೆ ಹೆಣೆದದ್ದು, ಡಬ್ಬಿಗೆ ಅವಲಕ್ಕಿ ತುಂಬಿದ್ದು, ಜ್ವರ ಬಂದಾಗ ಹಣೆಗೆ ಒದ್ದೆಬಟ್ಟೆ ಹಾಕಿದ್ದು ಎಲ್ಲ ಅತ್ತೆಯೇ. ಈಗ ಸಿ.ಎ. ಕೊನೆಯ ಪರೀಕ್ಷೆಗೆ ಓದುತ್ತಿದ್ದ ಇಪ್ಪತ್ತನಾಲ್ಕರ ಹುಡುಗಿ. "ಅತ್ತೆಗೆ ಹೇಳದೆ ನಾನು ನೀರೂ ಕುಡಿಯಲ್ಲ" ಎಂದು ಗೆಳತಿಯರ ಮುಂದೆ ಅಂದದ್ದನ್ನು ರಂಜಿನಿ ಕೇಳಿಸಿಕೊಂಡಿದ್ದಳು, ಕೇಳಿಸಿಕೊಂಡು ತಿಂಗಳುಗಟ್ಟಲೆ ಬೀಗಿದ್ದಳು.

ಸಂಕ್ರಾಂತಿಯ ಮರುವಾರ, ಮಟಮಟ ಮಧ್ಯಾಹ್ನ, ಹಜಾರದ ಇನ್ವರ್ಟರ್ ಹೊತ್ತಿಕೊಂಡಿತು. ಪರದೆ ಹಿಡಿಯಿತು, ದಿವಾನಿನ ಹಾಸಿಗೆ ಹಿಡಿಯಿತು, ಮನೆ ತುಂಬ ಕಪ್ಪು ಹೊಗೆ. ಶ್ರೀಹರಿ ಲುಂಗಿಯಲ್ಲೇ ಬೀದಿಗೆ ಓಡಿದ. ಆರಾಧನಾ ಓದಿ ದಣಿದು, ಕಿವಿಗೆ ಹತ್ತಿ ತುರುಕಿಕೊಂಡು ಹಿಂದಿನ ಕೋಣೆಯಲ್ಲಿ ಮಲಗಿದ್ದಳು. ರಂಜಿನಿ ಸೆರಗನ್ನು ಮೂಗಿಗೆ ಹಿಡಿದು ಒಳಗೆ ನುಗ್ಗಿ ಅವಳ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ನೆರೆಯವರು ಮೈನ್ ಸ್ವಿಚ್ ಆರಿಸಿ, ಮರಳು ಸುರಿದು ಬೆಂಕಿ ನಂದಿಸಿದರು. ಬೀದಿಯಲ್ಲಿ ಕೆಮ್ಮುತ್ತಾ ನಿಂತ ಅಕ್ಕನನ್ನು ಶ್ರೀಹರಿ ಕೇಳಿದ ಮೊದಲ ಮಾತು, "ಅಕ್ಕಾ, ಟ್ರಂಕು?" ಮಗಳು ಬಗಲಲ್ಲೇ ನಿಂತಿದ್ದಳಲ್ಲ, ಅವಳ ವಿಷಯ ಕೇಳುವುದೇನಿದೆ ಎಂದು ರಂಜಿನಿ ಅಂದುಕೊಂಡಳು. ಟ್ರಂಕು ಒಳಗೇ ಇತ್ತು, ಏನೂ ಆಗಿರಲಿಲ್ಲ, ಚೀಲಗಳಿಗೆ ಹೊಗೆಯ ವಾಸನೆ ಹತ್ತಿತ್ತು ಅಷ್ಟೇ.

ಅವತ್ತೇ ಅವಳು ನಿಶ್ಚಯ ಮಾಡಿದ್ದು, ಬೆಂಕಿಗೆ ಜಗ್ಗದ ಪೆಟ್ಟಿಗೆಯೊಂದನ್ನು ಕೊಳ್ಳಬೇಕೆಂದು. ಕೊಳ್ಳುವುದೆಂದರೆ ಅವಳ ಪ್ರಕಾರ ಕಣ್ಣಾರೆ ನೋಡಿ, ಕೈಯಾರೆ ಮುಟ್ಟಿ ಕೊಳ್ಳುವುದು. ಆದರೆ ಆ ಹೊತ್ತಿಗೆ ಎರಡೂ ಕಣ್ಣಿಗೆ ಪೊರೆ ಬಂದು ಲೋಕವೆಲ್ಲ ಗಂಜಿನೀರಿನಲ್ಲಿ ಅದ್ದಿದಂತಾಗಿತ್ತು. ಟ್ರಂಕಿನ ಬೀಗದ ಕಿಂಡಿಯೂ ಕಾಣುತ್ತಿರಲಿಲ್ಲ. ಅಮ್ಮ ತನಗೆ ಕೊಟ್ಟಂತೆ ತಾನೂ ಸೊಂಟದಿಂದ ಕೀಲಿ ಬಿಚ್ಚಿ ಆರಾಧನಾಳ ಕೈಗಿತ್ತು, "ನನ್ನ ಕಣ್ಣು ಸರಿಹೋಗೋವರ್ಗೂ ನೀನೇ ತೆಗ್ದು ಹಾಕ್ತಿರು ಪುಟ್ಟಿ" ಅಂದಳು. ಆ ವರ್ಷ ಯುಗಾದಿಯ ನಂತರ ಮಹಡಿಯ ಮೇಲೆ ಕಾಗದ ಹರವಿದವಳೂ ಆರಾಧನಾಳೇ. "ನೀವು ನೆರಳಲ್ಲಿ ಕೂತ್ಕೊಳಿ ಅತ್ತೆ, ನಾನ್ ಮಾಡ್ತೀನಿ" ಎಂದು ಕುರ್ಚಿ ಹಾಕಿಕೊಟ್ಟಳು. ಇಂಥ ಮಗು ಯಾರಿಗುಂಟು ಎಂದು ರಂಜಿನಿ ಕೂತಲ್ಲೇ ಕಣ್ಣೊರೆಸಿಕೊಂಡಳು.

ಜ್ಯೇಷ್ಠದಲ್ಲಿ ಕಣ್ಣಿನ ಆಪರೇಷನ್ ಆಯಿತು. ಗೋಡೆಯ ಬಿರುಕು, ಬೇಳೆಯೊಳಗಿನ ಕಲ್ಲು, ಶ್ರೀಹರಿಯ ಕೆನ್ನೆಯ ಮಚ್ಚೆ ಎಲ್ಲ ನಿಚ್ಚಳ ಕಾಣತೊಡಗಿದವು. ಆಷಾಢದಲ್ಲಿ ಹೊಸದೇನೂ ಕೊಳ್ಳಬಾರದೆಂದು ಕಾದು, ಶ್ರಾವಣ ಬಂದದ್ದೇ ಪೆಟ್ಟಿಗೆಯ ಮಾತು ತೆಗೆದಳು.

"ಈಗ್ಯಾಕಕ್ಕಾ, ಟ್ರಂಕು ಚೆನ್ನಾಗೇ ಇದೆಯಲ್ಲ" ಎಂದ ಶ್ರೀಹರಿ, ಪೇಪರಿನಿಂದ ಮುಖ ಎತ್ತದೆ.

"ತಗಡಿನ ಟ್ರಂಕು ಬೆಂಕೀಲಿ ಬಾಣಲೆ ಆಗತ್ತೆ ಕಣೋ. ಒಳಗಿರೋದು ಹಪ್ಪಳ ಸುಟ್ಟ ಹಾಗೆ ಸುಟ್ಟುಹೋಗತ್ತೆ."

"ಸರಿ, ನೋಡು. ನಿಂಗೆ ಸಮಾಧಾನ ಆಗೋದಾದ್ರೆ ತಗೋ. ಆರಾಧನಾನ ಕರ್ಕೊಂಡ್ ಹೋಗು."

ಸಮಾಧಾನ ಎಂಬ ಮಾತು ಅವಳ ಕಿವಿಗೆ ಒಂದಿಷ್ಟು ವಿಚಿತ್ರವಾಗಿಯೇ ಬಿತ್ತು. ಆದರೆ ತಮ್ಮನ ಮಾತಿಗೆಲ್ಲ ಅರ್ಥ ಹುಡುಕುತ್ತಾ ಕೂತರೆ ಸಂಸಾರ ಸಾಗೀತೆ?

ಚಿಕ್ಕಪೇಟೆಯ ಒಂದು ಇಕ್ಕಟ್ಟು ಗಲ್ಲಿಯಲ್ಲಿ ಬೀರು, ಗಲ್ಲಾಪೆಟ್ಟಿಗೆ, ತಿಜೋರಿ ಮಾರುವ ಅಂಗಡಿ. ಮಾಲೀಕ ಶೀನಣ್ಣ ಮಾತಿನ ಮಲ್ಲ. ಗಿರಾಕಿ ಕುರ್ಚಿಯಲ್ಲಿ ಕೂರುವ ಮೊದಲೇ ಕಾಫಿ ಹೇಳಿ, ಕಾಫಿ ಬರುವ ಮೊದಲೇ ಅರ್ಧ ವ್ಯಾಪಾರ ಮುಗಿಸುವ ಪೈಕಿ. ಬಾಗಿಲ ಬಳಿಯ ಹಸಿರು ಪೆಟ್ಟಿಗೆಯೊಂದರ ಬೆನ್ನು ತಟ್ಟಿ ಶುರು ಮಾಡಿದ.

"ಇದು ನೋಡಿ ತಾಯಿ, ಲಂಕೆಗೆ ಬೆಂಕಿ ಬಿದ್ರೂ ಇದ್ರೊಳಗಿರೋ ಕಾಗದ ಬಿಸಿ ಆಗಲ್ಲ."

"ಎಷ್ಟು ಹೊತ್ತು ಆಗಲ್ಲ?" ಎಂದಳು ರಂಜಿನಿ.

"ಅಂದ್ರೆ?"

"ಲಂಕೆ ಎಷ್ಟು ಹೊತ್ತು ಉರಿದ್ರೆ ಬಿಸಿ ಆಗಲ್ಲ ಅಂತ. ಅರ್ಧ ಗಂಟೆಯೋ, ಒಂದು ಗಂಟೆಯೋ, ಎರಡೋ? ಅದನ್ನ ಪರೀಕ್ಷೆ ಮಾಡಿ ಬರ್ದಿರೋ ಚೀಟಿ ಹಿಂಭಾಗದಲ್ಲಿ ಇರಬೇಕಲ್ಲ."

ಶೀನಣ್ಣ ಪೆಟ್ಟಿಗೆಯನ್ನು ತಿರುಗಿಸಿ ನೋಡಿದ. ಚೀಟಿ ಇರಲಿಲ್ಲ. ನಕ್ಕು, ಅದನ್ನು ಕಾಲಿನಿಂದಲೇ ಆಚೆ ತಳ್ಳಿ, ಒಳಗಿನಿಂದ ಬೇರೆ ಎರಡನ್ನು ಎಳೆಸಿದ. ರಂಜಿನಿ ಎದ್ದು ಹೋಗಿ ಎರಡರ ಬಾಗಿಲನ್ನೂ ತೆಗೆದು ಹಾಕಿ ನೋಡಿದಳು, ಗೋಡೆ ಎಷ್ಟು ದಪ್ಪವಿದೆ, ಬಾಗಿಲಂಚಿನ ಪಟ್ಟಿ ಗಟ್ಟಿಯಾಗಿದೆಯೇ ಎಂದು ಬೆರಳಾಡಿಸಿದಳು. ಅಂತರ್ಜಾಲದಲ್ಲೂ, ಪೇಪರಿನಲ್ಲೂ ಓದಿ ತಯಾರಾಗಿಯೇ ಬಂದಿದ್ದಳು. ಲ್ಯಾಮಿನೇಟ್ ಮಾಡಿಸಿದ ಕಾಗದವನ್ನು ಇಡಬಾರದು, ಕಾಗದ ಉಳಿದರೂ ಮೇಲಿನ ಪ್ಲಾಸ್ಟಿಕ್ ಕರಗಿ ಮೆತ್ತಿಕೊಳ್ಳುತ್ತದೆ ಎಂದು ಅವಳೇ ಶೀನಣ್ಣನಿಗೆ ಹೇಳಿದಳು. ಇಂಥ ಪೆಟ್ಟಿಗೆಯೊಳಗೆ ಪಸೆ ನಿಲ್ಲುತ್ತದೆ, ಆಗಾಗ ತೆರೆದು ಗಾಳಿಯಾಡಿಸಬೇಕು ಎಂದು ಅವನು ಇವಳಿಗೆ ಹೇಳಿದ. ಗಾಳಿಯಾಡಿಸುವುದನ್ನು ನನಗೆ ಹೇಳಿಕೊಡುತ್ತೀಯಾ ಮಾರಾಯ ಎಂದು ರಂಜಿನಿ ಒಳಗೊಳಗೇ ನಕ್ಕಳು. ಬಹಳ ದಿನದ ಮೇಲೆ ಅವಳಿಗೆ ಕಚೇರಿಗೆ ಹೋಗಿಬಂದಷ್ಟು ಖುಷಿಯಾಗಿತ್ತು.

ಎರಡರಲ್ಲಿ ಒಂದು ಕೀಲಿಯದು, ಇನ್ನೊಂದು ಬೆರಳಿಟ್ಟರೆ ತೆರೆದುಕೊಳ್ಳುವಂಥದ್ದು. ಬೆರಳಿನದನ್ನು ತೋರಿಸಲು ಹೋಗಿ ಶೀನಣ್ಣ ಹೆಬ್ಬೆರಳನ್ನು ಒತ್ತಿ ಒತ್ತಿ ಸುಸ್ತಾದ. ಅದು ಕೀಂ ಎಂದು ಗೊಣಗಿತೇ ಹೊರತು ಬಾಗಿಲು ಬಿಡಲಿಲ್ಲ.

"ಒತ್ಬೇಡಿ, ಸುಮ್ನೆ ಇಡಿ" ಎಂದಳು ಆರಾಧನಾ, ಅದುವರೆಗೆ ಫೋನು ನೋಡುತ್ತಾ ನಿಂತಿದ್ದವಳು. "ನೀಲಿ ಲೈಟ್ ಬಂದ್ಮೇಲೆ ಹಿಡಿ ತಿರುಗಿಸ್ಬೇಕು. ಮುಂಚೆ ತಿರುಗಿಸಿದ್ರೆ ಲಾಕ್ ಆಗ್ಬಿಡತ್ತೆ."

ಶೀನಣ್ಣ ಹಾಗೇ ಮಾಡಿದ. ಬಾಗಿಲು ತೆರೆಯಿತು. "ಮನೇಲಿ ಇದೆಯಾಮ್ಮ ಇಂಥದ್ದು?"

"ಇಲ್ಲ ಇಲ್ಲ. ಯೂಟ್ಯೂಬಲ್ಲಿ ನೋಡಿದ್ದೆ."

ಎಷ್ಟು ಚೂಟಿ ಹುಡುಗಿ ಎಂದು ರಂಜಿನಿಗೆ ಹೆಮ್ಮೆಯಾಯಿತು. ಬೆರಳಿನದೇ ಇರಲಿ ಎಂದು ಮನಸ್ಸು ಮಾಡಿದಳು. ಕೀಲಿಯಾದರೆ ಮತ್ತೆ ಕಿಂಡಿ ಹುಡುಕುವ ಕಷ್ಟ. ತನ್ನದೊಂದು ಬೆರಳು, ಪುಟ್ಟಿಯದೊಂದು. ಅದರಲ್ಲೇ ಚಿಕ್ಕದು, ನಡುವಿನದು, ದೊಡ್ಡದು ಎಂದು ಮೂರು ಅಳತೆ. ಯಾವುದು ಬೇಕೆಂದು ಹೇಳಬೇಕಾದರೆ ಮನೆಯಲ್ಲಿರುವ ಅತಿ ಉದ್ದದ ಕಾಗದ ಎಷ್ಟಿದೆ ಎಂದು ಅಳೆದುಕೊಂಡು ಬನ್ನಿ, ಹಳೇ ಪತ್ರಗಳನ್ನು ಮಡಚಿ ಮಡಚಿ ಇಟ್ಟರೆ ಮಡಿಕೆಯಲ್ಲಿ ಹರಿಯುತ್ತವೆ ಎಂದ ಶೀನಣ್ಣ. ಆ ಮಾತು ರಂಜಿನಿಗೆ ಬಹಳ ಹಿಡಿಸಿತು.

"ಅಳತೆ ಯಾಕತ್ತೆ, ದೊಡ್ಡದೇ ತಗೊಳಿ" ಎಂದಳು ಆರಾಧನಾ ದಾರಿಯಲ್ಲಿ. ಒಮ್ಮೆಯಲ್ಲ, ಮೂರು ನಾಲ್ಕು ಸಲ ಅಂದಳು.

ಮನೆಗೆ ಬಂದವಳೇ ರಂಜಿನಿ ಕೋಣೆಗೆ ಹೋಗಿ, ಟ್ರಂಕು ಎಳೆದು, ಆಪರೇಷನ್ ಆದ ಮೇಲೆ ವಾಪಸು ಪಡೆದಿದ್ದ ಕೀಲಿಯಿಂದ ತೆರೆದು, ಕ್ರಯಪತ್ರದ ಚೀಲ ತೆಗೆದಳು. ಕಣ್ಣು ಸರಿಹೋದ ಮೇಲೆ ಅದನ್ನು ತೆರೆಯುತ್ತಿದ್ದುದು ಇದೇ ಮೊದಲು. ತಾತನ ಕಾಲದ ಛಾಪಾಕಾಗದ, ಮೂರು ಮಡಿಕೆ, ನಡುವೆ ಹರಿದಲ್ಲಿ ಅಪ್ಪ ಅಂಟಿಸಿದ್ದ ಬಟ್ಟೆಯ ಪಟ್ಟಿ. ಮಂಚದ ಮೇಲೆ ಹರಡಿ, ಹೊಲಿಗೆಯ ಟೇಪನ್ನು ಉದ್ದಕ್ಕೆ ಹಿಡಿದಳು. ಹಿಡಿದವಳು ಹಾಗೇ ನಿಂತಳು. ಈ ಪತ್ರ ಚೀಲದಲ್ಲಿ ಎಂದೂ ನೆಟ್ಟಗೆ ಹಿಡಿಸಿದ್ದಲ್ಲ, ಮಡಚಿದರೂ ಒಂದು ತುದಿ ಆಚೆ ಇಣುಕುತ್ತಿತ್ತು. ಈಗ ನೋಡಿದರೆ ಮಕ್ಕಳ ನೋಟ್‌ಪುಸ್ತಕದ ಹಾಳೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಮನುಷ್ಯರು ವಯಸ್ಸಾದ ಮೇಲೆ ಕುಗ್ಗುವುದುಂಟು, ಕ್ರಯಪತ್ರ ಕುಗ್ಗುವುದುಂಟೆ?

ಬಟ್ಟೆಪಟ್ಟಿಯ ಮೇಲೆ ಬೆರಳಾಡಿಸಿದಳು. ನುಣ್ಣಗಿತ್ತು. ಅಲ್ಲಿದ್ದದ್ದು ಪಟ್ಟಿಯ ಚಿತ್ರ, ಪಟ್ಟಿಯಲ್ಲ. ಉಬ್ಬುಮುದ್ರೆಯ ಜಾಗದಲ್ಲಿ ಮುದ್ರೆಯ ನೆರಳು. ಒಳ್ಳೆಯ ಬಣ್ಣದ ಜೆರಾಕ್ಸು, ಹಳೇ ಹಳದಿಯೂ ಸರಿಯಾಗಿ ಬಂದಿತ್ತು.

ಕಳ್ಳತನ ಎಂದು ಮೊದಲು ಹೊಳೆಯಿತು. ಕಳ್ಳ ಯಾಕೆ ಜೆರಾಕ್ಸು ಮಾಡಿಸಿ ಬೇವಿನೆಲೆಯ ನಡುವೆ ಜೋಡಿಸಿಡುತ್ತಾನೆ ಎಂದು ಆಮೇಲೆ ಹೊಳೆಯಿತು. ಒಂದೊಂದೇ ಚೀಲ ಬಿಚ್ಚಿದಳು. ಅಣ್ಣನದು ಜೆರಾಕ್ಸು. ಶ್ರೀಹರಿಯದು ಜೆರಾಕ್ಸು. ಆರಾಧನಾಳದು ಜೆರಾಕ್ಸು. ಕೊನೆಗೆ ತನ್ನ ಚೀಲ ಬಿಚ್ಚಿದಳು, ಅದರಲ್ಲಾದರೂ ತನ್ನದಿರುತ್ತದೆ ಎಂದುಕೊಂಡು. ಅವಳ ಪಿಂಚಣಿ ಆದೇಶ, ಅವಳ ಹತ್ತನೇ ತರಗತಿಯ ಅಂಕಪಟ್ಟಿ, ಅವೂ ನುಣ್ಣಗಿದ್ದವು. ಇಷ್ಟು ದಿನ ಅವಳು ಕಾವಲು ಕೂತಿದ್ದದ್ದು ಜೆರಾಕ್ಸಿಗೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಇವಳು ಆ ಬಾಗಿಲಿಗೆ ಯಾವ ಮರ ಒಳ್ಳೆಯದೆಂದು ಚಿಕ್ಕಪೇಟೆ ಸುತ್ತಿ ಬಂದಿದ್ದಳು.

"ಪುಟ್ಟೀ" ಎಂದು ಕರೆದಳು. ಯಾರಾದರೂ ಏನಾದರೂ ಮಾಡಿದ್ದರೆ ಪತ್ತೆ ಮಾಡಲು ಅವಳಿಗೆ ಮನೆಯಲ್ಲಿ ಇದ್ದದ್ದು ಈ ಹುಡುಗಿಯೊಬ್ಬಳೇ.

ಆರಾಧನಾ ಬಾಗಿಲಿಗೆ ಬಂದಳು. ಮಂಚದ ಮೇಲೆ ಹರಡಿದ್ದ ಕಾಗದಗಳನ್ನು ನೋಡಿದಳು, ಅತ್ತೆಯ ಕೈಯ ಟೇಪನ್ನು ನೋಡಿದಳು. ಏನಾಯ್ತು ಅತ್ತೆ ಎಂದು ಕೇಳಲಿಲ್ಲ. ಕೇಳದೆ ಇದ್ದದ್ದರಲ್ಲೇ ರಂಜಿನಿಗೆ ಎಲ್ಲ ತಿಳಿದುಹೋಯಿತು. ಮಂಚದ ಅಂಚಿಗೆ ಕೂತಳು.

"ದೊಡ್ಡಪ್ಪನ ಮನೇಲಿದೆ ಅತ್ತೆ. ಸೇಫಾಗಿದೆ. ಒಂದೂ ಹೋಗಿಲ್ಲ."

"ಯಾವಾಗಿಂದ?"

"ಬೆಂಕಿ ಆಯ್ತಲ್ಲ, ಅದಾದ ತಿಂಗಳಿಗೆ. ದೊಡ್ಡಪ್ಪ ಒಂದು ಫೈರ್‌ಪ್ರೂಫ್ ಪೆಟ್ಟಿಗೆ ತಗೊಂಡ್ರು. ಅಪ್ಪನೂ ದೊಡ್ಡಪ್ಪನೂ ಮಾತಾಡ್ಕೊಂಡು ಮಾಡಿದ್ದು. ನಾನು ಟ್ರಂಕು ತೆಗ್ದುಕೊಟ್ಟೆ, ಅಷ್ಟೇ."

"ಯುಗಾದಿ ಆದ್ಮೇಲೆ ಮಹಡಿ ಮೇಲೆ ಹರಡಿದ್ಯಲ್ಲ?"

ಹುಡುಗಿ ಬಾಗಿಲ ಚಿಲಕವನ್ನು ಅತ್ತಿತ್ತ ಸರಿಸತೊಡಗಿದಳು.

"ಜೆರಾಕ್ಸನ್ನ ಬಿಸಿಲಿಗೆ ಹಾಕಿ, ಒಂದೊಂದರ ಮೇಲೂ ಕಲ್ಲಿಟ್ಟು, ಸಂಜೆ ಆಯ್ಕೊಂಡು ಬಂದ್ಯಲ್ಲ. ನಾನು ಅಲ್ಲೇ ಕೂತಿದ್ದೆ. ನಿಂಗೆ ನಗು ಬರ್ಲಿಲ್ವಾ?"

"ನಿಮಗೆ ಬೇಜಾರಾಗ್ಬಾರ್ದು ಅಂತ ಅತ್ತೆ..."

ರಂಜಿನಿ ಸೀರೆ ಬದಲಾಯಿಸಲೂ ಇಲ್ಲ. ಬಟ್ಟೆಯ ಕೈಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು, "ನಡಿ" ಅಂದಳು. ಮಾರ್ಕೆಟ್ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿದರು. ದಾರಿಯುದ್ದಕ್ಕೂ ರಂಜಿನಿ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು. ಹುಡುಗಿ ಏನು ಮಾಡಿಯಾಳು, ಅಪ್ಪ ಹೇಳಿದ, ದೊಡ್ಡಪ್ಪ ಹೇಳಿದರು, ಬಾಯಿ ಮುಚ್ಚಿಕೊಂಡು ಟ್ರಂಕು ತೆಗೆದುಕೊಟ್ಟಳು. ದೊಡ್ಡವರ ನಡುವೆ ಸಿಕ್ಕಿಬಿದ್ದ ಮಗು. ಹೀಗೆ ಹೇಳಿಕೊಳ್ಳುವುದಕ್ಕೆ ಅವಳಿಗೆ ಬಹಳ ಆಸೆಯಿತ್ತು, ಹಾಗಾಗಿ ಮಲ್ಲೇಶ್ವರ ತಲುಪುವಷ್ಟರಲ್ಲಿ ಅದನ್ನು ನಂಬಿಯೂ ಬಿಟ್ಟಿದ್ದಳು.

ಬಾಗಿಲು ತೆಗೆದದ್ದು ಅತ್ತಿಗೆ. ಮಧುಸೂದನನ ಹೆಂಡತಿ, ಯಾರ ತಂಟೆಗೂ ಹೋಗದ ಸಾಧು ಹೆಂಗಸು. "ಬಾ ರಂಜಿನಿ, ಏನಿದು ಹೇಳದೆ ಕೇಳದೆ! ನಿಮ್ಮಣ್ಣ ಸಂಧ್ಯಾವಂದನೆಗೆ ಕೂತಿದಾರೆ. ಕಾಫಿ ಬೆರೆಸ್ತೀನಿ ಇರು."

"ಕಾಫಿ ಬೇಡ ಅತ್ತಿಗೆ. ನನ್ನ ಕಾಗದ ತಗೊಂಡ್ ಹೋಗೋಣ ಅಂತ ಬಂದೆ."

ಅತ್ತಿಗೆಯ ಮುಖ ಒಂದು ಗಳಿಗೆ ಪೆಚ್ಚಾಯಿತು. ಆಮೇಲೆ ಆರಾಧನಾ ಪಕ್ಕದಲ್ಲೇ ನಿಂತಿರುವುದನ್ನು ಕಂಡು, ಎಲ್ಲ ಹೇಳಿ ಆಗಿದೆ ಎಂದುಕೊಂಡು ಹಗುರಾದಳು. "ಅಯ್ಯೋ, ಗೊತ್ತಾಯ್ತಾ, ಒಳ್ಳೇದಾಯ್ತು ಬಿಡು. ನಂಗಂತೂ ಹೊಟ್ಟೇಲಿ ಇಟ್ಕೊಂಡು ಸಾಕಾಗಿತ್ತು. ಪುಟ್ಟೀ, ನೀನೇ ತೆಗ್ದುಕೊಡೇ ನಿಮ್ಮತ್ತೇಗೆ, ನಿಂದೂ ಬೆರಳಿದೆಯಲ್ಲ."

ನಡುಮನೆಯ ಅಲಮಾರಿನ ಕೆಳಗಿನ ಖಾನೆಯಲ್ಲಿತ್ತು ಪೆಟ್ಟಿಗೆ. ಬೂದುಬಣ್ಣದ್ದು, ಶೀನಣ್ಣ ತೋರಿಸಿದ ಜಾತಿಯದೇ. ಆರಾಧನಾ ಅಲ್ಲಾಡದೆ ನಿಂತಳು. ರಂಜಿನಿ ಅವಳ ಮುಖವನ್ನೇ ನೋಡುತ್ತಾ, "ತೆಗಿ" ಅಂದಳು. ಹುಡುಗಿ ಕುಕ್ಕರುಗಾಲಲ್ಲಿ ಕೂತು ಹೆಬ್ಬೆರಳಿಟ್ಟಳು, ಒತ್ತದೆ, ಸುಮ್ಮನೆ. ನೀಲಿ ದೀಪ ಬಂತು. ಹಿಡಿ ತಿರುಗಿಸಿದಳು. ಬಾಗಿಲು ತೆರೆಯಿತು.

ಟ್ರಂಕು ತೆಗೆದುಕೊಟ್ಟೆ ಅಷ್ಟೇ ಅಂದಿದ್ದಳಲ್ಲ. ಅಷ್ಟೇ ಅಲ್ಲ. ಅವಳನ್ನು ಕರೆಸಿ, ಕೂರಿಸಿ, 'ಇನ್ನು ಮೇಲೆ ಇದು ನಿನ್ನದೂ' ಎಂದು ಬೆರಳು ಒಪ್ಪಿಸಿಕೊಂಡಿದ್ದರು, ಅವಳೂ ಒಪ್ಪಿಸಿದ್ದಳು. ಅತ್ತೆಯ ಸೊಂಟದಿಂದ ಬಂದ ಕೀಲಿ ಒಂದು ಕೈಯಲ್ಲಿ, ಇದು ಇನ್ನೊಂದು ಕೈಯಲ್ಲಿ. ಅಣ್ಣ ತಮ್ಮ ಮಾಡಿದ್ದು ಅನ್ಯಾಯ, ಅದಕ್ಕೆ ರಂಜಿನಿಗೆ ಕೋಪ ಬರುತ್ತಿತ್ತು. ಇದಕ್ಕೆ ಕೋಪವೂ ಬರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು ಎಂಬಂತಾಗಿತ್ತು.

ಅಷ್ಟರಲ್ಲಿ ಮಧುಸೂದನ ಮಡಿಪಂಚೆಯಲ್ಲೇ ಹೊರಗೆ ಬಂದ. ತೆರೆದ ಪೆಟ್ಟಿಗೆ, ತಂಗಿ, ನೆಲ ನೋಡುತ್ತಿದ್ದ ಹುಡುಗಿ ಎಲ್ಲವನ್ನೂ ಒಂದೇ ನೋಟದಲ್ಲಿ ಕಂಡು, ಹಿರಿಯ ಮಗನ ಗತ್ತಿನಲ್ಲಿ ಕುರ್ಚಿ ಎಳೆದು ಕೂತ.

"ನೋಡು ರಂಜಿನಿ, ತಪ್ಪು ತಿಳ್ಕೋಬೇಡ. ಅವತ್ತು ಬೆಂಕಿ ಬಿದ್ದಾಗ ನೀನು ಟ್ರಂಕು ಬಿಟ್ಟು ಆಚೆ ಬಂದೆ. ನಮ್ಮ ಅದೃಷ್ಟ, ಏನೂ ಆಗ್ಲಿಲ್ಲ. ವಯಸ್ಸಾಗ್ತಾ ಬಂತು, ಕಣ್ಣು ಬೇರೆ ಹಾಗಿತ್ತು. ನಾಳೆ ಹೆಚ್ಚುಕಮ್ಮಿ ಆದ್ರೆ ಏನ್ ಗತಿ ಅಂತ ನಾನೂ ಹರಿನೂ ಯೋಚ್ನೆ ಮಾಡಿದ್ವಿ."

"ಟ್ರಂಕು ತಗೊಂಡು ಇವಳನ್ನ ಬಿಟ್ಟು ಬರ್ಬೇಕಿತ್ತಾ?"

ಮಧುಸೂದನ ಪಂಚೆಯ ಅಂಚು ಸರಿಮಾಡಿಕೊಂಡ. "ಮಾತಿಗೆ ಹೇಳ್ದೆ" ಅಂದ.

"ಯೋಚ್ನೆ ಮಾಡಿದ್ದು ಸರಿ. ನನ್ನ ಹತ್ರ ಹೇಳಿ ತಗೊಂಡಿದ್ರೆ ನಾನೇ ಹೊತ್ಕೊಂಡು ಬಂದು ಇಲ್ಲಿ ಇಡ್ತಿದ್ದೆ. ಟ್ರಂಕು ನಂಗ್ಯಾಕೆ ಬಿಟ್ರಿ?"

"ಅದ್ರ ಮೇಲೆ ನಿಂಗೆ ಪ್ರಾಣ ಅಂತ ಗೊತ್ತಿಲ್ವಾ. ಕಿತ್ಕೊಂಡ್ರೆ ನೊಂದ್ಕೋತೀಯ ಅಂತ ಬಿಟ್ವಿ. ನಿನ್ನ ಪಾಡಿಗೆ ನೀನು ಇಟ್ಕೊಂಡಿರು ಅಂತ."

ಮೂಗಿಗೆ ತುಪ್ಪ ಸವರುವುದೆಂದರೆ ಇದು. ಸವರಿದವರಿಗೆ ತಾವು ಮಾಡಿದ್ದು ಪುಣ್ಯದ ಕೆಲಸ ಎಂಬ ನಂಬಿಕೆ ಬೇರೆ. ಚಿಕ್ಕ ಮಗುವಿಗೆ ಆಟದ ಸ್ಟಿಯರಿಂಗ್ ಕೊಟ್ಟು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದ ಹಾಗೆ ಅವಳನ್ನು ಕೂರಿಸಿದ್ದರು, ಅವಳು ತಿರುಗಿಸುತ್ತಲೇ ಇದ್ದಳು. ಅವಳಿಗೆ ಅವಮಾನವಾಯಿತು. ಎಲ್ಲಕ್ಕಿಂತ ಹೆಚ್ಚಾಗಿ ಶ್ರಾವಣದ ಈ ದಿನಗಳ ತನ್ನ ಖುಷಿಯ ಬಗ್ಗೆ ಅವಮಾನವಾಯಿತು.

ಅತ್ತಿಗೆ ಮಧ್ಯೆ ಬಂದಳು. "ಈಗ ಗೊತ್ತಾಯ್ತಲ್ಲ, ಇವಳ ಬೆರಳನ್ನೂ ಹಾಕಿಬಿಡಿ ಅಂದ್ರೆ. ಎಲ್ಲಾ ಸರಿಹೋಗತ್ತೆ."

"ಹಾಕಿದ್ರಾಯ್ತು. ಬಾ ಇಲ್ಲಿ" ಎಂದು ಮಧುಸೂದನ ಎದ್ದು ತಂಗಿಯ ಕೈ ಹಿಡಿದು ಪೆಟ್ಟಿಗೆಯ ಮುಂದೆ ಕೂರಿಸಿ, ಗುಂಡಿ ಒತ್ತಿ, ಅವಳ ಹೆಬ್ಬೆರಳನ್ನು ಗಾಜಿನ ಮೇಲಿಟ್ಟ. ಕೆಂಪು ದೀಪ. ಮತ್ತೆ ಇಟ್ಟ. ಮತ್ತೆ ಕೆಂಪು.

"ಐದಕ್ಕಿಂತ ಜಾಸ್ತಿ ತಗೊಳ್ಳಲ್ಲ ದೊಡ್ಡಪ್ಪ. ಯಾವ್ದಾದ್ರೂ ಒಂದು ತೆಗೀಬೇಕು" ಎಂದಳು ಆರಾಧನಾ, ಕೇಳಿಸಿತೋ ಇಲ್ಲವೋ ಎಂಬಂತೆ.

ರಂಜಿನಿ ಎಣಿಸಿದಳು. ಅಣ್ಣ, ಅತ್ತಿಗೆ, ಶ್ರೀಹರಿ, ಆರಾಧನಾ. "ಐದನೇದು ಯಾರ್ದು?"

ಅತ್ತಿಗೆ ಗಂಡನ ಮುಖ ನೋಡಿ, "ನಿತೀಶಂದು. ಅಳಿಯಂದ್ರಲ್ವಾ, ನಾವು ಊರಲ್ಲಿಲ್ದೆ ಇದ್ದಾಗ ಬೇಕಾಗತ್ತೆ ಅಂತ..." ಅಂದಳು. ಅಣ್ಣನ ಅಳಿಯ ಮನೆಗೆ ಬಂದು ಇನ್ನೂ ಎರಡನೇ ದೀಪಾವಳಿ ಆಗಿರಲಿಲ್ಲ.

ಆಮೇಲೆ ಒಂದು ಪಂಚಾಯಿತಿಯೇ ನಡೆಯಿತು ನೋಡಿ. ಯಾರ ಬೆರಳು ತೆಗೆಯುವುದು? ಯಜಮಾನ ಮಧುಸೂದನ, ಅವನದು ಹೇಗೆ ತೆಗೆಯುವುದು. ಅತ್ತಿಗೆ ಮನೆಯಲ್ಲೇ ಇರುವವಳು. ಶ್ರೀಹರಿಯದು ತೆಗೆದರೆ ಅವನು ಏನೆಂದುಕೊಂಡಾನು. ನಿತೀಶನದು ತೆಗೆದರೆ ಮಗಳಿಗೆ ಮಾತು ಬರುತ್ತದೆ. ರಂಜಿನಿಯ ಹೆಬ್ಬೆರಳನ್ನು ಹಿಡಿದುಕೊಂಡೇ ಮಧುಸೂದನ ಹೆಂಡತಿಯ ಜೊತೆ ಇದನ್ನೆಲ್ಲ ಮಾತಾಡಿದ.

"ನಂದು ತೆಗೀರಿ ದೊಡ್ಡಪ್ಪ" ಎಂದಳು ಆರಾಧನಾ. ಅವಳ ಕಣ್ಣು ತುಂಬಿತ್ತು.

ರಂಜಿನಿ ಕೈ ಬಿಡಿಸಿಕೊಂಡು ಎದ್ದಳು. "ಯಾರ್ದೂ ತೆಗೀಬೇಡಿ. ನಂದು ನಂಗೆ ಕೊಟ್ಬಿಡಿ, ಸಾಕು."

ಅವಳೇ ಬಗ್ಗಿ ಹುಡುಕಿಕೊಂಡಳು. ಪಿಂಚಣಿ ಆದೇಶ, ಅಂಕಪಟ್ಟಿ, ಸೇವಾಪುಸ್ತಕದ ನಕಲು, ಜಾತಕ. ಅರವತ್ತೆರಡು ವರ್ಷದ ಬದುಕು ಒಂದು ತೆಳ್ಳನೆಯ ಕಟ್ಟು. ಮೇಲೆಯೇ ಇದ್ದ ಕ್ರಯಪತ್ರವನ್ನು ಪಕ್ಕಕ್ಕೆ ಸರಿಸುವಾಗ ಬಟ್ಟೆಪಟ್ಟಿ ಕೈಗೆ ತಾಕಿತು, ಉಬ್ಬಾಗಿ, ಒರಟಾಗಿ. ಅದನ್ನು ಸರಿಯಾಗಿ ಮಡಚಿ ಒಳಗಿಟ್ಟಳು. ಎಲ್ಲವನ್ನೂ ಒಯ್ದು, ನೀನು ಕೊಳ್ಳುತ್ತೀಯೆಂದು ಹರಿ ಹೇಳಿದ ಹೊಸ ಪೆಟ್ಟಿಗೆಯಲ್ಲೇ ಇಟ್ಟುಕೋ, ನಮಗೇನು ಅಭ್ಯಂತರ ಎಂದು ಅಣ್ಣ ಹಿಂದಿನಿಂದ ಹೇಳುತ್ತಲೇ ಇದ್ದ. ಕಾಫಿಯಾದರೂ ಕುಡಿದು ಹೋಗು ಎಂದು ಅತ್ತಿಗೆ ಕರೆದಳು. ಅವಳು ಚಪ್ಪಲಿ ಮೆಟ್ಟಿಕೊಂಡಳು.

ಕೆಲಸ ಬಿಟ್ಟವರೆಲ್ಲ ಮನೆಗೆ ಹೋಗುವ ಹೊತ್ತು. ಮೆಟ್ರೋದಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಬ್ಬರೂ ಒಂದೇ ಕಂಬ ಹಿಡಿದು ನಿಂತರು.

"ನೀವು ಒಂದ್ಸಲ ಕೇಳಿದ್ದಿದ್ರೆ ನಾನು ಹೇಳ್ಬಿಡ್ತಿದ್ದೆ ಅತ್ತೆ. ಆಣೆ."

"ಕೇಳ್ಬೇಕು ಅಂತ ನಂಗೆ ಗೊತ್ತಾಗೋದು ಹೇಗೆ?" ಎಂದಳು ರಂಜಿನಿ. ಅವಳ ದನಿಯಲ್ಲಿ ಬಿಸಿ ಇರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಂತಿತ್ತು.

ಆರಾಧನಾ ಅತ್ತೆಯ ಹೆಗಲ ಚೀಲದ ಕಡೆ ನೋಡಿದಳು.

"ಪೆಟ್ಟಿಗೆ ತಗೋತೀರಾ?"

"ತಗೋತೀನಿ. ಚಿಕ್ಕದು. ಬೆರಳಿಂದು ಬೇಡ, ಕೀಲೀದು."

"ಎರಡು ಕೀಲಿ ಕೊಡ್ತಾರಲ್ಲ. ಇನ್ನೊಂದು?"

"ಅದೂ ನನ್ನ ಹತ್ರಾನೇ ಇರತ್ತೆ."

"ನಿಮಗೇನಾದ್ರೂ ಆದ್ರೆ ಅತ್ತೆ?"

"ಆಗ ಒಡ್ಕೊಳಿ. ನಾನು ಬದುಕಿರೋವಾಗ ಬೇಡ."

ಮೆಜೆಸ್ಟಿಕ್‌ನಲ್ಲಿ ಜನ ಒಮ್ಮೆಲೇ ನುಗ್ಗಿದರು. ನೂಕಿಗೆ ಅತ್ತೆ ಬಿದ್ದಾಳೆಂದು ಆರಾಧನಾ ತೋಳು ಹಿಡಿದುಕೊಳ್ಳಲು ಕೈ ಚಾಚಿದಳು, ಚಿಕ್ಕವಳಿದ್ದಾಗಿನಿಂದ ಗುಂಪಿನಲ್ಲಿ ಹಿಡಿಯುತ್ತಿದ್ದ ಹಾಗೆ. ಆ ಕೈ ಹತ್ತಿರ ಬಂದದ್ದೇ ತಡ, ರಂಜಿನಿಯ ಕೈ ತಾನಾಗಿಯೇ ಹೋಗಿ ಹೆಗಲ ಚೀಲದ ಬಾಯಿಯನ್ನು ಬಿಗಿಯಾಗಿ ಹಿಡಿದುಕೊಂಡಿತು. ಹುಡುಗಿ ಅದನ್ನು ನೋಡಿದಳು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಕಂಬ ಹಿಡಿದು, ಕಿಟಕಿಯ ಕಡೆ ಮುಖ ತಿರುಗಿಸಿದಳು. ಮಾರ್ಕೆಟ್ ಸ್ಟೇಷನ್ ಬರುವವರೆಗೂ ರಂಜಿನಿ ಆ ಚೀಲದ ಮೇಲಿಂದ ಕೈ ತೆಗೆಯಬೇಕೆಂದುಕೊಂಡಳು, ತೆಗೆಯಲಾಗಲಿಲ್ಲ.